ಮೇಲೆ ನಿಂತವಳ ಮಾತು ಕೆಳಗಿನವರಿಗೆ ಕೇಳಬೇಕು

ಮೀನಾ ಒಂಬತ್ತನೇ ತರಗತಿಯ ಹುಡುಗಿ. ಹೆಸರುಗಳನ್ನು ಬದಲಿಸಿದ್ದೇನೆ. ಶಾಲೆಯ ಸಾಹಸ ಶಿಬಿರದಿಂದ ಬಂದ ಮೇಲೆ ಅವಳು ಆಪ್ತ ಗೆಳತಿ ಸುಧಾಳ ಪಕ್ಕ ಕೂರುವುದನ್ನೇ ಬಿಟ್ಟಿದ್ದಳು. "ಇವಳಿಗೆ ಎತ್ತರ ಅಂದ್ರೆ ಭಯ ಮೇಡಂ, ಅದನ್ನು ಬಿಡಿಸಿ" ಎಂದು ತಾಯಿ ಅವಳನ್ನು ಆಪ್ತಸಲಹೆಗೆ ನನ್ನ ಬಳಿ ಕರೆತಂದರು.

ಮೀನಾ ಹೇಳಿದ್ದೇ ಬೇರೆ. ಎರಡು ಕಂಬಗಳ ನಡುವೆ, ಮನೆಯ ತಾರಸಿಗಿಂತ ಎತ್ತರದಲ್ಲಿ ಬಿಗಿದ ಉಕ್ಕಿನ ತಂತಿ. ಅದರ ಮೇಲೆ ನಡೆಯಬೇಕು. ಹೆಲ್ಮೆಟ್, ಬೀಳದಂತೆ ಮೈಗೆ ಬಿಗಿಯುವ ಪಟ್ಟಿ ಅಂದರೆ ಹಾರ್ನೆಸ್, ಎಲ್ಲಾ ಇತ್ತು. ಹಾರ್ನೆಸ್‌ನ ಹಗ್ಗ ಕೆಳಗೆ ತರಬೇತುದಾರರ ಕೈಯಲ್ಲಿ. ಅವರ ಹಿಂದೆ ಅದೇ ಹಗ್ಗದ ತುದಿ ಹಿಡಿದು ಸುಧಾ ನಿಂತಿದ್ದಳು. ಅರ್ಧ ದಾರಿಯಲ್ಲಿ ಮೀನಾಳ ಕಾಲು ನಡುಗಿತು. "ಇಳಿಸಿ" ಅಂದಳು. ಕೆಳಗಿನವರು "ಆಗುತ್ತೆ, ಹೋಗೇ" ಎಂದು ಕೂಗಿದರು. ಸುಧಾಳ ದನಿ ಎಲ್ಲರಿಗಿಂತ ಜೋರು. ಮೀನಾ ಅಳುತ್ತಲೇ ದಾಟಿದಳು. ಚಪ್ಪಾಳೆ ಬಿತ್ತು.

"ದಾಟಿದ್ದಕ್ಕೆ ಖುಷಿಯೇ ಆಗಲಿಲ್ಲ ಮೇಡಂ. ನಾನು ಹೇಳಿದ್ದು ಅವಳಿಗೂ ಬೇಕಾಗಿರಲಿಲ್ಲ, ಅಲ್ವಾ?"

ಹಗ್ಗದ ಮೇಲೆ ಅವಳಿಗೆ ನಂಬಿಕೆಯಿತ್ತು. ಹೋದದ್ದು ಗೆಳತಿಯ ಮೇಲಿನ ನಂಬಿಕೆ. ಹಾಗಾಗಿ ಭಯ ಬಿಡಿಸುವ ಅಭ್ಯಾಸ ಯಾವುದನ್ನೂ ನಾನು ಹೇಳಿಕೊಡಲಿಲ್ಲ. "ಇಳಿಸಿ ಅಂದಾಗ ನಿನಗೆ ಕೇಳಿಸಿತಾ ಅಂತ ಸುಧಾಳನ್ನೇ ಕೇಳು" ಎಂದೆ. ಇಬ್ಬರನ್ನೂ ಕೂರಿಸಿದಾಗ ಸುಧಾ ಅತ್ತಳು. ಹುರಿದುಂಬಿಸುವುದೇ ಸಹಾಯ ಅಂದುಕೊಂಡಿದ್ದಳು ಪಾಪ. ಅವಳಿಗೆ ಹೇಳಿದೆ: "ಇನ್ನು ಮುಂದೆ ಕೂಗುವ ಮೊದಲು ಕೇಳು. ಸ್ವಲ್ಪ ನಿಲ್ತೀಯಾ, ಹೋಗ್ತೀಯಾ, ಇಳೀತೀಯಾ ಅಂತ. ಅವಳು ಏನು ಹೇಳ್ತಾಳೋ ಅದನ್ನು ತರಬೇತುದಾರರಿಗೆ ಮುಟ್ಟಿಸು."

ಶಾಲೆಯವರ ಜೊತೆಗೂ ಮಾತಾಡಿದೆ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಅಡ್ವೆಂಚರ್ ಸಂಸ್ಥೆಯಿಂದ ಹರಡಿದ ಒಂದು ನಿಯಮವಿದೆ, 'ಚಾಲೆಂಜ್ ಬೈ ಚಾಯ್ಸ್'. ಎಷ್ಟು ಎತ್ತರ, ಎಷ್ಟು ದೂರ ಎಂದು ಹತ್ತುವವರೇ ತೀರ್ಮಾನಿಸಬೇಕು. ನಮ್ಮ ಶಿಬಿರಗಳಲ್ಲಿ ಹಾರ್ನೆಸ್ ತಪ್ಪದೆ ಹಾಕಿಸುತ್ತಾರೆ, ಈ ನಿಯಮ ಮಾತ್ರ ಎಷ್ಟೋ ಕಡೆ ಬಿಟ್ಟುಹೋಗುತ್ತದೆ. ನನಗೆ ಎರಡೂ ಅಷ್ಟೇ ಮುಖ್ಯ. ಹತ್ತುವ ಮುಂಚೆ ಪ್ರತಿ ಮಗುವೂ ತನ್ನ ಗುರಿ ಹೇಳಲಿ. "ಇಳಿಸಿ" ಅಂದರೆ ಸುಮ್ನೆ ಇಳಿಸಿ, ಕಾರಣ ಕೇಳಬೇಡಿ. ಆಮೇಲೆ ಎಲ್ಲರನ್ನೂ ಸುತ್ತ ಕೂರಿಸಿ, ಮೇಲಿದ್ದಾಗ ಯಾರ ಯಾವ ಮಾತು ಸಹಾಯವಾಯಿತು, ಯಾವುದು ನೋಯಿಸಿತು ಅಂತ ಕೇಳಿ. ಹಗ್ಗದ ಆಟಕ್ಕಿಂತ ಜಾಸ್ತಿ ಸಮಯ ಇದಕ್ಕೇ ಕೊಡಿ.

ಮುಂದಿನ ಶಿಬಿರಕ್ಕೆ ಮೀನಾಳನ್ನು ಒತ್ತಾಯಿಸಬೇಡಿ ಎಂದು ತಾಯಿಗೆ ಹೇಳಿದ್ದೇನೆ. ಹೋಗುವುದೂ ಬಿಡುವುದೂ ಅವಳಿಗೇ ಬಿಟ್ಟದ್ದು.