ಮುಂಬೈಯಲ್ಲಿ ಮೀನೂಟ ಎಲ್ಲಿ, ನಾಸಿಕಕ್ಕೆ ಯಾವಾಗ?

ನಿಮ್ಮ ಪ್ರಶ್ನೆ: "ಮುಂಬೈಯಲ್ಲಿ ಮೂರು ದಿನ ಇರುತ್ತೇವೆ, ಅದರಲ್ಲಿ ಒಂದು ದಿನ ನಾಸಿಕದ ದ್ರಾಕ್ಷಿ ತೋಟಕ್ಕೆ. ಊಟ ಎಲ್ಲಿ ಚೆನ್ನಾಗಿರುತ್ತದೆ?"

ಮೊದಲು ತಿಂಗಳು ನೋಡಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ತಟ್ಟೆಗೆ ಬರುವುದು ಹೆಚ್ಚಾಗಿ ಐಸಿನಲ್ಲಿಟ್ಟ ಮೀನು, ಇಲ್ಲವೇ ಹೊರಗಿನಿಂದ ತರಿಸಿದ್ದು. ನಾಸಿಕದಲ್ಲೂ ಆಗ ಬಳ್ಳಿಯಲ್ಲಿ ಹಣ್ಣಿರುವುದಿಲ್ಲ. ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಮಾರ್ಚ್. ಎರಡೂ ಬೇಕೆಂದರೆ ಜನವರಿ, ಫೆಬ್ರವರಿಯೇ ಸರಿ.

ಮೀನಿಗೆ ದಕ್ಷಿಣ ಮುಂಬೈಯ ಫೋರ್ಟ್ ಪ್ರದೇಶ. ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತೃಷ್ಣಾ, ಮೂರೂ ನಡೆದು ಹೋಗುವ ದೂರದಲ್ಲಿವೆ. ತೃಷ್ಣಾದ ಹೆಸರು ನಿಂತಿರುವುದು ಬೆಣ್ಣೆ, ಕಾಳುಮೆಣಸು, ಬೆಳ್ಳುಳ್ಳಿಯ ಏಡಿಯ ಮೇಲೆ. ರುಚಿಯೇನೋ ಹೌದು, ಆದರೆ ಅದು ನಮ್ಮ ಕರಾವಳಿಯ ಮನೆಯಡುಗೆ ಅಲ್ಲ. ತೆಂಗಿನಕಾಯಿ ಮಸಾಲೆಯ ಗಸಿಗೆ ನನ್ನ ಓಟು ಅಪೂರ್ವಕ್ಕೆ. ಇಬ್ಬರಿಗೆ ಒಂದು ಗಸಿ, ಒಂದು ತವಾ ಫ್ರೈ ಸಾಕು. ನೀರ್ ದೋಸೆಯನ್ನು ಒಂದೊಂದೇ ಪ್ಲೇಟ್ ತರಿಸಿಕೊಳ್ಳಿ, ಆರಿದರೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಆಫೀಸಿನವರು ಒಂದು ಗಂಟೆಗೆ ನುಗ್ಗುತ್ತಾರೆ, ಹನ್ನೆರಡೂಕಾಲಿಗೇ ಕೂತುಬಿಡಿ.

ಜೇಬು ಸುಡುವುದು ಏಡಿಯಲ್ಲಿ. ಮೆನುವಿನಲ್ಲಿ ಬೆಲೆಯ ಬದಲು 'ಎಪಿಎಸ್' ಎಂದಿದ್ದರೆ ಗಾತ್ರಕ್ಕೆ ತಕ್ಕ ದರ ಎಂದರ್ಥ. ಜೀವಂತ ಏಡಿಯನ್ನು ಮೇಜಿಗೆ ತಂದು ತೋರಿಸಲು ಹೇಳಿ, ತೂಕ ಮತ್ತು ಒಟ್ಟು ದರ ಕೇಳಿದ ಮೇಲೇ ಒಪ್ಪಿ. ಗಾತ್ರಕ್ಕಿಂತ ಹಗುರ ಅನ್ನಿಸಿದರೆ ಬೇಡ: ಚಿಪ್ಪು ಕಳಚಿ ಹೊಸದು ಬಂದ ಏಡಿಯ ಒಳಗೆ ಮಾಂಸಕ್ಕಿಂತ ನೀರೇ ಜಾಸ್ತಿ. ಮೀನಿನ ತಾಜಾತನದ ಬಗ್ಗೆ ಅನುಮಾನವಿದ್ದರೆ ರವಾ ಫ್ರೈ ಬಿಟ್ಟು ತವಾ ಫ್ರೈ ಹೇಳಿ. ರವೆಯ ಗರಿಯಡಿ ಹಳೆಯ ಮೀನೂ ಪಾಸಾಗುತ್ತದೆ.

ಬೊಂಬಿಲ್ ('ಬಾಂಬೆ ಡಕ್' ಎನ್ನುವ ಮೀನು) ತಿನ್ನಬೇಕಾದ್ದು ಕೊಂಕಣ, ಗೋವಾ ಶೈಲಿಯ ಮಾಲ್ವಣಿ, ಗೋಮಂತಕ ಊಟದ ಮನೆಗಳಲ್ಲಿ. ಬಾಂದ್ರಾ ಪೂರ್ವದ ಹೈವೇ ಗೋಮಂತಕ್ ಸಾಕು. ಈ ಮೀನಿನ ಮೈತುಂಬ ನೀರು. ಭಾರ ಹೇರಿ ಹಿಂಡಿ ಹುರಿಯುತ್ತಾರೆ, ಆದರೂ ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಫೋಟೋ ಆಮೇಲೆ.

ಸಸ್ಯಾಹಾರಿಗಳಿಗೆ ಮಾಟುಂಗಾ ಪೂರ್ವ. ಬೆಳಗ್ಗೆ ರಾಮ ಆಶ್ರಯದ ಅನಾನಸ್ ಶೀರಾ, ಮಧ್ಯಾಹ್ನ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಎಲೆ ಊಟ (1942ರಿಂದ ನಡೆದಿದೆ). ಸೋಮವಾರ ಈ ಕಡೆ ಬರಬೇಡಿ, ಹಲವು ಕಡೆ ರಜೆ.

ನಾಸಿಕದಲ್ಲಿ ಮೀನು ಹುಡುಕಬೇಡಿ. ಬೆಳಗ್ಗೆ ಮಿಸಳ್ (ಖಾರದ ಮೊಳಕೆಕಾಳಿನ ತಿಂಡಿ) ತಿಂದು ತೋಟಕ್ಕೆ ಹೋಗಿ. ಹುಳಿ ಖಾರದ ಬಂಗುಡೆ ಪುಳಿಮುಂಚಿಗೆ ಕೆಂಪು ವೈನ್ ಕುಡಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ, ಖಾರವೂ ಏರುತ್ತದೆ. ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತಣ್ಣಗೆ ಮಾಡಿಕೊಂಡರೆ ಗಸಿಗೂ ಹೊಂದುತ್ತದೆ. ತಂದ ಬಾಟಲಿಯನ್ನು ಹೋಟೆಲಿನಲ್ಲಿ ತೆರೆಯಲು ಬಿಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ರೈಲಿನಲ್ಲಿ ಜನ ಎಡವುವುದು ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ: ಅದು ಬೆಳಗ್ಗೆ ಮುಂಬೈ ಕಡೆ ಬರುವ ಗಾಡಿ. ನಿಮಗೆ ಬೇಕಾದ್ದು ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಿಂದ ಬೆಳಗ್ಗೆ ಆರು ದಾಟಿದ ಮೇಲೆ ಹೊರಡುವ ತಪೋವನ್ ಎಕ್ಸ್‌ಪ್ರೆಸ್ ಅಥವಾ ಶಿರಡಿಯ ವಂದೇ ಭಾರತ್. ನಾಸಿಕ್ ರೋಡ್ ಸ್ಟೇಷನ್ನಿನಿಂದ ಗಂಗಾಪುರ ಕಡೆಯ ವೈನರಿಗಳು ಸುಮಾರು 20 ಕಿ.ಮೀ. ತೋಟದ ಕಡೆ ವಾಪಸು ಬಾಡಿಗೆ ಗಾಡಿ ಸುಲಭಕ್ಕೆ ಸಿಗುವುದಿಲ್ಲ, ಹೋಗಿ ಬರಲು ಒಂದೇ ಟ್ಯಾಕ್ಸಿ ಮಾತಾಡಿಕೊಳ್ಳಿ.