ಗಡಿ ವಿವಾದ ಮತ್ತು ಬೆಳಗಾವಿಗೆ ಬರುವ ಬಂಡವಾಳ

ಮಹಾರಾಷ್ಟ್ರದೊಂದಿಗಿನ ಗಡಿ ವಿವಾದದಿಂದಾಗಿಯೇ ಬೆಳಗಾವಿಗೆ ದೊಡ್ಡ ಕಾರ್ಖಾನೆಗಳು ಬರುತ್ತಿಲ್ಲವೇ ಎಂದು ನೀವು ಕೇಳಿದ್ದೀರಿ. ಹೌದೆಂದು ಒಂದೇ ಮಾತಿನಲ್ಲಿ ಹೇಳಲಾರೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿ ಅಲ್ಯೂಮಿನಾ ಕಾರ್ಖಾನೆ ಬಂದಿದೆ, ನಗರದ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಗಳು ಬೆಳೆದಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ.

ಬೆಳಗಾವಿ ನಗರ ಕರ್ನಾಟಕದಲ್ಲಿಯೇ ಉಳಿಯಬೇಕೆಂದು, ಈ ವಿವಾದ ಪರಿಶೀಲಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಊರು ಆಚೆ ಹೋದೀತೆಂಬ ಭಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಹೊಲದ ಉತಾರ (ಪಹಣಿ) ನೋಡಿ ಮನೆ ಕಟ್ಟುತ್ತೇವೆ, ಗಡಿಯಾಚೆಗೆ ಹೆಣ್ಣು ಕೊಟ್ಟು ತರುತ್ತೇವೆ. ಆದರೆ ನೂರಾರು ಕೋಟಿ ಹಾಕಿ ಅದನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮರಳಿ ಗಳಿಸಬೇಕಾದ ಹೊರಗಿನ ಉದ್ಯಮಿಯ ಲೆಕ್ಕ ಬೇರೆ. ಜಮೀನು, ವಿದ್ಯುತ್ ದರ, ತೆರಿಗೆ ರಿಯಾಯಿತಿ ಎಲ್ಲವೂ ಒಂದು ರಾಜ್ಯ ಸರ್ಕಾರ ಕೊಡುವ ಮಾತು. ಆ ಮಾತನ್ನು ಮುಂದೆ ನಡೆಸಿಕೊಡುವವರು ಯಾರೆಂಬ ಸಣ್ಣ ಸಂಶಯವಿದ್ದರೂ ಆತ ಧಾರವಾಡದಲ್ಲಿಯೋ ಪುಣೆಯಲ್ಲಿಯೋ ಜಾಗ ನೋಡುತ್ತಾನೆ.

ಕೋರ್ಟಿನ ದಾವೆಗಿಂತ ನಮ್ಮನ್ನು ಹೆಚ್ಚು ಕಾಡುವುದು ರಸ್ತೆ ಎಂಬುದು ನನ್ನ ಅನುಭವ. ಇಲ್ಲಿಯ ಫೌಂಡ್ರಿಗಳಲ್ಲಿ ಎರಕ ಹೊಯ್ದ ಬಿಡಿಭಾಗಗಳು ನಿಪ್ಪಾಣಿ, ಕೊಲ್ಹಾಪುರ ದಾಟಿ ಪುಣೆಯ ವಾಹನ ಕಾರ್ಖಾನೆಗಳಿಗೆ ಹೋಗಬೇಕು. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ನಾಕಾದ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು, ಎರಡೂ ಕಡೆಯ ಬಸ್ ಸಂಚಾರ ನಿಂತಿತು. ಆ ದಿನ ನನ್ನ ಪರಿಚಯದವರ ಫೌಂಡ್ರಿಯ ಅಂಗಳದಲ್ಲಿ ಮಾಲು ತುಂಬಿ ತಾಡಪತ್ರಿ ಬಿಗಿದ ಲಾರಿ ನಿಂತೇ ಇತ್ತು. ಚಾಲಕ ಕೊಲ್ಹಾಪುರದ ಕಡೆಯವನು, ಮನೆಯಿಂದ ಬರುವ ಫೋನಿಗೆ ಉತ್ತರಿಸುತ್ತ ಕುಳಿತಿದ್ದ. ಕಾರ್ಖಾನೆಗಳು ಹೆಚ್ಚು ದಾಸ್ತಾನು ಇಟ್ಟುಕೊಳ್ಳದ ಈ ಕಾಲದಲ್ಲಿ ಮಾಲು ಎರಡು ದಿನ ತಡವಾದರೆ ಮುಂದಿನ ಆರ್ಡರ್ ಬೇರೆಯವರ ಪಾಲಾಗಬಹುದು.

ಸರ್ಕಾರದ ಹಣವೂ ಈ ವಿವಾದದ ಸೆಳೆತಕ್ಕೆ ಸಿಕ್ಕಿದೆ. ಬೆಳಗಾವಿ ನಮ್ಮದೇ ಎಂದು ಸಾರುವಂತೆ ಇಲ್ಲಿ ಕಟ್ಟಿದ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದಾಗ ನಾನು ಹೆಮ್ಮೆಪಟ್ಟವನೇ, ಈಗಲೂ ಆ ಕಟ್ಟಡ ಬೇಕೆನ್ನುವವನೇ. ಆದರೆ ಚಳಿಗಾಲದ ಅಧಿವೇಶನ ಮುಗಿದ ಮೇಲೆ ಅಲ್ಲಿ ವರ್ಷವಿಡೀ ಇಲಾಖೆಗಳ ಕೆಲಸ ತುಂಬಿ ನಡೆದಿದ್ದರೆ ಈ ಊರಿನ ಮೇಲೆ ಸರ್ಕಾರಕ್ಕೆ ಎಷ್ಟು ಭರವಸೆಯಿದೆಯೆಂಬುದು ಹೊರಗಿನವರಿಗೂ ಕಾಣುತ್ತಿತ್ತು.

ಹಿಂದುಳಿದದ್ದಕ್ಕೆಲ್ಲ ಗಡಿಯನ್ನೇ ದೂರುವುದು ಸರಿಯಲ್ಲ. ಬೆಂಗಳೂರು ಐನೂರು ಕಿಲೋಮೀಟರ್ ದೂರವಿರುವುದೂ ಒಂದು ಕಾರಣವೇ. ಆದರೂ ತೀರ್ಪು ಯಾವಾಗಲಾದರೂ ಬರಲಿ, ಅಲ್ಲಿಯವರೆಗೆ ಯಾವ ಚಳವಳಿಯ ದಿನವೂ ಮಾಲಿನ ಲಾರಿಗಳನ್ನು ತಡೆಯಗೊಡುವುದಿಲ್ಲವೆಂದು ಎರಡೂ ಸರ್ಕಾರಗಳು ಒಟ್ಟಾಗಿ ಬರೆದುಕೊಟ್ಟು ಅದರಂತೆ ನಡೆದುಕೊಂಡರೆ, ಉದ್ಯಮಬಾಗದವರು ಹೊಸ ಕುಲುಮೆ ಹಾಕಲು ಬ್ಯಾಂಕಿಗೆ ಹೋಗುವಾಗ ಆ ಒಂದು ಕಾಗದವೇ ಅವರಿಗೆ ದೊಡ್ಡ ಬಲವಾಗುತ್ತದೆ.