ಹಾಸನದ ಹಾಸ್ಯ ಬ್ಲಾಗಿಗೆ ವಿಕಿಪೀಡಿಯದಲ್ಲಿ ಪುಟ ಮಾಡಬಹುದಾ?

ನಿಮ್ಮ ಸ್ನೇಹಿತರು ಹಾಸನದಲ್ಲಿ ಕೂತು ವರ್ಷಗಟ್ಟಲೆಯಿಂದ ಹಾಸ್ಯ ಬ್ಲಾಗ್ ಬರೆಯುತ್ತಿದ್ದಾರೆ, ಸಾವಿರಾರು ಜನ ಓದುತ್ತಾರೆ, ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೊಂದು ಪುಟ ಮಾಡಬಹುದಾ ಅಂತ ಕೇಳಿದ್ದೀರಿ. ನಾನೂ ಹಾಸನದವನೇ, ಬಿಡುವಾದಾಗ ವಿಕಿಪೀಡಿಯ ತಿದ್ದುತ್ತೇನೆ. ನೀವು ಕೊಟ್ಟ ಲಿಂಕುಗಳನ್ನೆಲ್ಲ ಓದಿದೆ. ಹಾಸನಾಂಬೆ ದರ್ಶನದ ಪಾಸಿಗಾಗಿ ಇಲ್ಲದ ನೆಂಟಸ್ತಿಕೆ ಹುಡುಕಿಕೊಂಡು ಬರುವವರ ಬಗ್ಗೆ ಬರೆದಿದ್ದಾರಲ್ಲ, ಅದಕ್ಕೆ ಜೋರಾಗಿಯೇ ನಕ್ಕೆ. ಆದರೂ ಸದ್ಯಕ್ಕೆ ಪುಟ ಬೇಡ ಅನ್ನುತ್ತೇನೆ.

ನಗು ಬರುತ್ತದೋ ಇಲ್ಲವೋ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಎಷ್ಟು ಜನ ಓದುತ್ತಾರೆ ಅನ್ನೋದೂ ಅಷ್ಟೇ. ಬ್ಲಾಗಿಗೆ ಸಂಬಂಧವೇ ಇಲ್ಲದವರು, ನಂಬಬಹುದಾದ ಕಡೆ, ಅದರ ಬಗ್ಗೆ ಒಂದಿಷ್ಟು ವಿವರವಾಗಿ ಬರೆದಿದ್ದಾರಾ ಅಂತ ನೋಡುತ್ತಾರೆ. ಗಮನಾರ್ಹತೆ ಅನ್ನೋದು ಇದಕ್ಕೇ.

ನಿಮ್ಮ ಲಿಂಕುಗಳಲ್ಲಿ ಮೊದಲನೆಯದು ಪುರವಣಿಯ ಒಂದು ಪಟ್ಟಿ, ಓದಬಹುದಾದ ಬ್ಲಾಗುಗಳು ಅಂತ. ಇವರ ಪಾಲಿಗೆ ಒಂದೂವರೆ ಸಾಲು. ಎರಡನೆಯದು ಸಂದರ್ಶನ, ಪೂರ್ತಿ ಅವರದೇ ಮಾತು. ಯಾವಾಗ ಶುರು ಮಾಡಿದರು ಅನ್ನೋದಕ್ಕೆ ಉಲ್ಲೇಖ ಕೊಡಬಹುದು, ಅದಕ್ಕಿಂತ ಜಾಸ್ತಿ ತೂಕವಿಲ್ಲ. ಮೂರನೆಯದರಲ್ಲಿ ಪತ್ರಿಕೆಯವರು ಇವರ ಬರಹವನ್ನೇ ಮತ್ತೆ ಅಚ್ಚು ಹಾಕಿದ್ದಾರೆ. ಖುಷಿಯ ವಿಷಯವೇ, ಆದರೆ ಅದು ಇವರು ಬರೆದದ್ದು, ಇವರ ಬಗ್ಗೆ ಯಾರೂ ಬರೆದಿಲ್ಲ. ಇನ್ನು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದ್ದಕ್ಕೆ, ಅದೂ ಹೆಸರು ಕಿತ್ತುಹಾಕಿ ಸುತ್ತಿದ್ದಕ್ಕೆ, ಬೆಲೆಯೇ ಇಲ್ಲ. ಅನ್ಯಾಯ ಅನ್ನಿಸುತ್ತೆ, ಅಲ್ವಾ?

ಆದರೆ ಒಮ್ಮೆ ಪುಟ ಬರೆಯೋಕೆ ಕೂತು ನೋಡಿ. 'ಹಾಸನದ ಒಂದು ಕನ್ನಡ ಹಾಸ್ಯ ಬ್ಲಾಗ್' ಅಂತ ಮೊದಲ ಸಾಲು ಸಲೀಸಾಗಿ ಬರುತ್ತದೆ. ಎರಡನೇ ಸಾಲಿಗೆ ಏನು ಬರೀತೀರಿ? 'ತಿಳಿಹಾಸ್ಯಕ್ಕೆ ಹೆಸರುವಾಸಿ' ಅಂದರೆ, ಹಾಗಂತ ಹೇಳಿದವರು ಯಾರು ಅಂತ ಕೇಳುತ್ತಾರೆ. ಹೇಳಿದ್ದು ನೀವು, ಅಂದರೆ ಅವರ ಸ್ನೇಹಿತರು. ಜೋಕುಗಳನ್ನೇ ತಂದು ತುಂಬಿಸಿದರೆ ಹಕ್ಕುಸ್ವಾಮ್ಯದ ತಕರಾರು. ಕೊರವಂಜಿ ಅನ್ನೋ ಹಳೇ ಹಾಸ್ಯ ಪತ್ರಿಕೆಗೆ ಈ ತೊಂದರೆ ಇಲ್ಲ. ಹಾಸ್ಯ ಸಾಹಿತಿ ರಾ.ಶಿ. ಅವರು 1942ರಲ್ಲಿ ಶುರು ಮಾಡಿದ್ದು 1967ರಲ್ಲೇ ನಿಂತಿತು, ಆದರೂ ಕನ್ನಡ ಹಾಸ್ಯದ ಬಗ್ಗೆ ಬರೆಯುವವರು ಅದನ್ನು ಬಿಡೋದಿಲ್ಲ, ಆರ್.ಕೆ. ಲಕ್ಷ್ಮಣ್ ಅಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದರಿಂದ ಅವರ ಬಗ್ಗೆ ಬರೆಯುವವರೂ ಅದರ ಹೆಸರೆತ್ತುತ್ತಾರೆ. ಹೀಗೆ ಬೇರೆಯವರು ಬರೆದದ್ದು ಇದ್ದರೆ ಪುಟ ತಾನಾಗಿ ತುಂಬುತ್ತದೆ.

ಅವಸರದಲ್ಲಿ ಪುಟ ಮಾಡಿದರೆ ಅಳಿಸುವ ಚರ್ಚೆಗೆ ಹೋಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಈ ಚರ್ಚೆ ಸಾಮಾನ್ಯವಾಗಿ 7 ದಿನ ನಡೆಯುತ್ತೆ. ಪುಟ ಹೋದರೂ ಚರ್ಚೆ ಅಲ್ಲೇ ಉಳಿಯುತ್ತೆ, ನಿಮ್ಮ ಸ್ನೇಹಿತರ ಬಗ್ಗೆ ಪರಿಚಯವೇ ಇಲ್ಲದ ನಾಲ್ಕು ಜನ ಆಡಿದ ಮಾತಿನ ಸಮೇತ. ದುಡ್ಡು ಕೊಟ್ಟರೆ ಪುಟ ಮಾಡಿಕೊಡ್ತೀವಿ ಅನ್ನೋರ ಹತ್ತಿರವಂತೂ ಹೋಗಲೇಬೇಡಿ.

ಒಂದು ಕೆಲಸ ಮಾಡಿ. ಯಾರಾದರೂ ಬ್ಲಾಗಿನ ಬಗ್ಗೆ ಉದ್ದ ಲೇಖನ ಬರೆದ ನೆನಪು ಸ್ನೇಹಿತರಿಗೆ ಇದೆಯಾ ಕೇಳಿ. ಇದ್ದರೆ ಲೈಬ್ರರಿಯಲ್ಲಿ ಹಳೇ ಪತ್ರಿಕೆ ತೆಗೆಸಿ. ಅಂತರ್ಜಾಲದಲ್ಲಿ ಇರಲೇಬೇಕು ಅಂತಿಲ್ಲ, ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಇದ್ದರೆ ಸಾಕು. ಅಂಥವು ಎರಡು ಮೂರು ಸಿಕ್ಕಿದರೆ ವಿಕಿಪೀಡಿಯದಲ್ಲಿ ಕರಡು ಬರೆಯೋಕೆ ಇರುವ ನಿಮ್ಮ ಪ್ರಯೋಗಪುಟದಲ್ಲಿ ಬರೆದಿಟ್ಟು, ಇವರು ನನ್ನ ಸ್ನೇಹಿತರು ಅಂತ ಮೊದಲೇ ಹೇಳಿ, ಕನ್ನಡ ವಿಕಿಪೀಡಿಯದವರು ಚರ್ಚೆ ಮಾಡುವ 'ಅರಳಿ ಕಟ್ಟೆ' ಪುಟದಲ್ಲಿ ಕೇಳಿ. ಆಗ ನಾನೂ ಬಂದು ನೋಡ್ತೀನಿ.